ಸಂಘದ ಲೆಕ್ಕ ನನ್ನಿಂದಾದೀತೇ?

ಪ್ರಶ್ನೆ: ನನಗೀಗ 40 ವರ್ಷ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತ ಫೇಲಾದಾಗ ‘ನಿನ್ನ ತಲೆಗೆ ಲೆಕ್ಕ ಹತ್ತೋದಿಲ್ಲ’ ಅಂದಿದ್ದರು ಮೇಷ್ಟ್ರು. ಈಗ ನಮ್ಮ ಸ್ವಸಹಾಯ ಸಂಘದವರು ಲೆಕ್ಕದ ಪುಸ್ತಕ ನೀನೇ ಬರಿ ಅಂತ ಹಿಡಿದು ಕೂತಿದ್ದಾರೆ. ಏನೇನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೇನೆ. ಹತ್ತು ಹೆಂಗಸರ ದುಡ್ಡು, ತಪ್ಪಾದರೆ ಮುಖ ಹೇಗೆ ತೋರಿಸಲಿ?
– ಹೆಸರು, ಊರು ಬೇಡ

ಉತ್ತರ: ಒಪ್ಪಿಕೊಳ್ಳಿ ತಂಗಿ.

ಮಕ್ಕಳೆದುರು ಹಾಗೆ ಅನ್ನಬಾರದಿತ್ತು ನಿಮ್ಮ ಮೇಷ್ಟ್ರು. ಫೇಲಾಗಿದ್ದು ನಿಜ. ಆದರೆ ಅವರು ನೋಡಿದ್ದು ಉತ್ತರಪತ್ರಿಕೆಯನ್ನು, ನಿಮ್ಮ ಇಡೀ ಆಯುಸ್ಸನ್ನಲ್ಲ.

ಎದೆಸುತ್ತಳತೆ 38 ಇಂಚು ಇದ್ದರೆ ನೀವೇನು ಮಾಡುತ್ತೀರಿ? ನಾಲ್ಕರಲ್ಲೊಂದು ಪಾಲು ಒಂಬತ್ತೂವರೆ ಅಂತ ಬಾಯಲ್ಲೇ ಹೇಳಿ, ಸಡಿಲಕ್ಕಿಷ್ಟು, ಹೊಲಿಗೆಗಿಷ್ಟು ಅಂತ ಸೇರಿಸಿ ಚಾಕ್‌ನಲ್ಲಿ ಗೆರೆ ಎಳೆಯುತ್ತೀರಿ. ಮೀಟರಿಗೂ ಕಡಿಮೆ ಇರುವ ಬ್ಲೌಸ್ ಪೀಸಿನಲ್ಲೇ ತೋಳು, ಪಟ್ಟಿ ಎಲ್ಲ ಹೊಂದಿಸುತ್ತೀರಿ. ಕತ್ತರಿ ಆಡಿದ ಮೇಲೆ ಅಲ್ಲಿ ತಿದ್ದುವಂತಿಲ್ಲ. ಪುಸ್ತಕದಲ್ಲಾದರೆ ತಪ್ಪಿದ ಅಂಕಿಗೆ ಗೆರೆ ಹೊಡೆದು, ಸರಿಯಾದ್ದು ಬರೆದು, ಪಕ್ಕದಲ್ಲಿ ಸಹಿ ಹಾಕಿದರಾಯಿತು.

ಸಂಘದ ಬಡ್ಡಿ ಲೆಕ್ಕವೂ ಅಷ್ಟೇ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಅಂದುಕೊಳ್ಳಿ. ಐದು ಸಾವಿರಕ್ಕೆ 100 ರೂಪಾಯಿ. ಅಸಲಿನಲ್ಲಿ 500 ಕಟ್ಟಿದರೆ ಉಳಿದ 4,500ಕ್ಕೆ ಮುಂದಿನ ತಿಂಗಳ ಬಡ್ಡಿ 90. ಕೂಡು, ಕಳೆ, ಗುಣಿಸು. ಇದರಾಚೆಗೆ ಹೆಚ್ಚೇನೂ ಇಲ್ಲ.

ನನಗೆ ಚಿಂತೆ ನಿಮ್ಮ ಗಣಿತದ್ದಲ್ಲ, ತಪ್ಪಿಸಿಕೊಳ್ಳುವ ರೂಢಿಯದು. ಪ್ರತಿಸಲ ಹಿಂದೆ ಸರಿದಾಗಲೂ ಮೇಷ್ಟ್ರ ಮಾತೇ ನಿಜ ಅಂತ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತದೆ, ಅದು ಸುಳ್ಳೆಂದು ತಿಳಿಯಲು ಅವಕಾಶವೇ ಸಿಗುವುದಿಲ್ಲ. ‘ನನ್ನಿಂದಾಗುತ್ತದೆ’ ಎಂಬ ನಂಬಿಕೆಗೆ ಬೇರೆಯವರು ಹೇಳುವ ಧೈರ್ಯಕ್ಕಿಂತ ಸ್ವತಃ ಮಾಡಿ ಗೆದ್ದ ಅನುಭವವೇ ದೊಡ್ಡ ಆಧಾರ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದರು. ಹಾಗಾಗಿ ನಾನು ಇಲ್ಲಿ ಎಷ್ಟು ಹುರಿದುಂಬಿಸಿದರೂ ಸಾಲದು, ಪೆನ್ನು ನೀವೇ ಹಿಡಿಯಬೇಕು.

ಹಾಗಂತ ಒಮ್ಮೆಲೇ ಪೂರ್ತಿ ಹೊಣೆ ಹೊರಬೇಡಿ. ಈಗ ಬರೆಯುತ್ತಿರುವವರ ಪಕ್ಕದಲ್ಲಿ ಎರಡು ತಿಂಗಳು ಕೂತು ಬರೆಯುತ್ತೇನೆ ಅಂತ ಸಭೆಯಲ್ಲೇ ಹೇಳಿ. ಸಭೆ ಮುಗಿಯುವ ಮೊದಲು ಮೊತ್ತವನ್ನು ಗಟ್ಟಿಯಾಗಿ ಓದಿ, ಎಲ್ಲರೆದುರೇ ನಗದು ಎಣಿಸಿ, ಇಬ್ಬರು ಸದಸ್ಯರ ಸಹಿ ಹಾಕಿಸಿ. ತಿಂಗಳಿಗೊಮ್ಮೆ ಬ್ಯಾಂಕ್ ಪಾಸ್‌ಬುಕ್ಕಿಗೆ ತಾಳೆ ನೋಡಿ. ಆಗ ತಪ್ಪು ನುಸುಳಿದರೂ ಬೇಗ ಸಿಕ್ಕಿಬೀಳುತ್ತದೆ, ಯಾರೂ ನಿಮ್ಮೊಬ್ಬರ ಕಡೆ ಬೆರಳು ತೋರಿಸುವಂತಿಲ್ಲ.

ಹೊಲಿಗೆಯ ನಡುವೆ ನಿಜಕ್ಕೂ ಪುರುಸೊತ್ತಿಲ್ಲದಿದ್ದರೆ ‘ಸಮಯವಿಲ್ಲ’ ಎಂದೇ ಹೇಳಿ. ಅದು ನ್ಯಾಯವಾದ ಕಾರಣ. ‘ನನಗೆ ಬರೋದಿಲ್ಲ’ ಅಂತ ಮಾತ್ರ ಹೇಳಬೇಡಿ. ಸದ್ಯಕ್ಕೆ ಹೋದ ತಿಂಗಳ ಪುಸ್ತಕ ಕೇಳಿ ತಂದು, ಒಂದು ಪುಟದ ಬಡ್ಡಿಯನ್ನು ನೀವೇ ಹಾಕಿ ನೋಡಿ. ಏನಾಯಿತೆಂದು ನನಗೆ ಬರೆಯಿರಿ.