ಮೆಲ್ಬರ್ನ್ ಕಪ್ ದಿನ ಗೆಳೆಯರೆಲ್ಲ ದುಡ್ಡು ಒಟ್ಟು ಹಾಕಿ ಯಾವ ಕುದುರೆಗೆ ಕಟ್ಟಬೇಕು?

ಕುದುರೆ ಯಾವುದಾದರೂ ಆಗಲಿ, ಮೊದಲು ದುಡ್ಡು ಒಟ್ಟು ಹಾಕುವ ಯೋಚನೆ ಬಿಡಿ. ಕಪ್ ನಡೆಯುವ ಮೆಲ್ಬರ್ನಿನ ರೇಸ್‌ಕೋರ್ಸ್ ಫ್ಲೆಮಿಂಗ್ಟನ್‌ಗೆ ನಾವೂ ನಿಮ್ಮ ಹಾಗೇ ಆರು ಜನ ಹೋಗಿದ್ದೆವು. ತಲೆಗೆ 10 ಡಾಲರ್, ಒಟ್ಟು 60. ಕಪ್‌ಗಿಂತ ಮುಂಚಿನ ಒಂದು ರೇಸಿಗೆ ಟ್ರೈಫೆಕ್ಟಾ ಆಡಿದೆವು: ಮೊದಲು ಬರುವ ಮೂರು ಕುದುರೆಗಳನ್ನು ಕ್ರಮವಾಗಿ ಹೇಳಬೇಕು. ಬೆಂಗಳೂರಿನ ರೇಸ್‌ಕೋರ್ಸಿನಲ್ಲಿ ಟ್ರಿನೆಲ್ಲಾ ಅಂತಾರಲ್ಲ, ಅದೇ.

ಕ್ರಮದ ತಲೆನೋವು ಬೇಡವೆಂದರೆ ‘ಬಾಕ್ಸ್’ ಮಾಡಬಹುದು. ಆರಿಸಿದವುಗಳಲ್ಲಿ ಯಾವ ಮೂರು ಹೇಗೆ ಬಂದರೂ ನಡೆಯುತ್ತೆ, ಆದರೆ ಪ್ರತಿ ಜೋಡಣೆಗೂ ದುಡ್ಡು. ಮೂರು ಕುದುರೆಗೆ 6 ಜೋಡಣೆ, ನಾಲ್ಕಕ್ಕೆ 24, ಐದಕ್ಕೆ 60. ನಮ್ಮ ಐದು ಕುದುರೆ, 60 ಡಾಲರ್, ಜೋಡಣೆಗೆ ಸರಿಯಾಗಿ ಒಂದೊಂದು ಡಾಲರ್. ಅಲ್ಲಿಗೇ ನಿಲ್ಲಿಸಬೇಕಿತ್ತು.

ಮಷೀನಿನ ಮುಂದೆ ನಿಂತಿದ್ದವನು ನಾನು. ಹಿಂದಿನಿಂದ ಒಬ್ಬ, “ಲೋ, ಹನ್ನೊಂದನೇ ನಂಬರೂ ಹಾಕೋ, ಬಿಟ್ಟು ಅದೇ ಬಂದ್ರೆ ಹೊಟ್ಟೆ ಉರಿಯುತ್ತೆ” ಅಂದ. ಒತ್ತಿದೆ. ಮಷೀನು ಬೇಡ ಅನ್ನಲಿಲ್ಲ, ಹೆಚ್ಚಿಗೆ ದುಡ್ಡೂ ಕೇಳಲಿಲ್ಲ. ಎಡವಟ್ಟಾಗಿದ್ದು ಇಲ್ಲೇ. ಆರು ಕುದುರೆಗೆ 6 × 5 × 4, ಅಂದರೆ 120 ಜೋಡಣೆ. ನಾವು ಕೊಟ್ಟದ್ದು ಅದೇ 60 ಡಾಲರ್. ಇದಕ್ಕೆ ಅಲ್ಲಿ ‘ಫ್ಲೆಕ್ಸಿ’ ಅಂತಾರೆ: ಕಟ್ಟಿದ ಡಾಲರನ್ನು ಜೋಡಣೆಗಳ ಸಂಖ್ಯೆಯಿಂದ ಭಾಗಿಸಿ, ಬಂದ ಶೇಕಡಾವಾರಿನಷ್ಟೇ ಡಿವಿಡೆಂಡ್, ಅಂದರೆ ಗೆದ್ದ ಹಣ, ಕೈಗೆ. ಟಿಕೆಟ್ ಮೇಲೆ 50% ಅಂತ ಅಚ್ಚಾಗಿತ್ತು, ಯಾರೂ ಓದಲಿಲ್ಲ. ಓದಿದ್ದರೂ ಗೆಲ್ಲುವ ಸಾಧ್ಯತೆ ಅರ್ಧ ಅಂತ ಖುಷಿಪಡುತ್ತಿದ್ದೆವೇನೋ.

ಮೂರೂ ಕುದುರೆ ನಮ್ಮವೇ ಬಂದವು. ಬೋರ್ಡಿನಲ್ಲಿ 840 ಡಾಲರ್. ಬೋರ್ಡು ತೋರಿಸುವುದು ಪೂರ್ತಿ ಒಂದು ಡಾಲರಿನ ಲೆಕ್ಕ. ತಲೆಗೆ 140 ಅಂತ ಹಂಚಿಕೊಂಡು ಇಬ್ಬರು ಆಗಲೇ ಬಾರಿನ ಕ್ಯೂನಲ್ಲಿದ್ದರು. ಕೌಂಟರಿನಲ್ಲಿ ಎಣಿಸಿ ಕೊಟ್ಟದ್ದು 420. ನಾನು ಜೇಬಿಗಿಳಿಸಿದೆ ಅಂತ ಯಾರೂ ಅನ್ನಲಿಲ್ಲ, “ಟಿಕೆಟ್ ಫೋಟೋ ತೆಗ್ದಿದ್ಯಾ?” ಅಂತ ಒಬ್ಬ ಕೇಳಿದ, ಅಷ್ಟೇ. ಹನ್ನೊಂದನೇ ನಂಬರು ಕೊನೆಯಿಂದ ಎರಡನೆಯದಾಗಿ ಬಂದಿತ್ತು.

ಅದಕ್ಕೇ ಹೇಳೋದು, ಅವರವರ ದುಡ್ಡು ಅವರವರೇ ಕಟ್ಟಿ. ಒಟ್ಟಿಗೆ ಆಡಲೇಬೇಕೆಂದರೆ ಕಪ್ ರೇಸಿಗೆ ಸ್ವೀಪ್ ಮಾಡಿ: ಎಲ್ಲರೂ ದುಡ್ಡು ಹಾಕಿ ಕುದುರೆಗಳ ಹೆಸರಿನ ಚೀಟಿ ಎತ್ತುವುದು, ಗೆದ್ದ ಕುದುರೆಯ ಚೀಟಿ ಬಂದವನಿಗೆ ದುಡ್ಡು. ಹೆಚ್ಚೆಂದರೆ 24 ಕುದುರೆ ಓಡುತ್ತವೆ, ಆರು ಜನಕ್ಕೆ ನಾಲ್ಕು ನಾಲ್ಕು ಚೀಟಿ. ಬೆಳಿಗ್ಗೆ ಹಿಂದೆ ಸರಿದ ಕುದುರೆಗಳನ್ನು ತೆಗೆದ ಮೇಲೆಯೇ ಚೀಟಿ ಎತ್ತಿ, ಇಲ್ಲವಾದರೆ ಒಬ್ಬನ ಪಾಲಿಗೆ ಓಡದ ಕುದುರೆ ಬಿದ್ದು ಜಗಳ. ಕೊನೆಗೆ ಬಂದ ಕುದುರೆಯವನಿಗೆ ಅವನ ದುಡ್ಡು ವಾಪಸ್ ಅನ್ನೋ ಪದ್ಧತಿಯೂ ಇದೆ, ಇಟ್ಟುಕೊಳ್ಳಿ. ಫಾರ್ಮ್, ಅಂದರೆ ಕುದುರೆ ಹಿಂದೆ ಹೇಗೆ ಓಡಿದೆ ಅಂತ, ನೋಡದೆ ಚೀಟಿ ಎತ್ತುವುದೇ ಅಂತ ಮೂಗು ಮುರಿಯಬೇಡಿ. 2015ರ ಕಪ್‌ನಲ್ಲಿ ಜಾಕಿ ಮಿಷೆಲ್ ಪೇಯ್ನ್ ಗೆಲ್ಲಿಸಿದ ಪ್ರಿನ್ಸ್ ಆಫ್ ಪೆನ್ಜಾನ್ಸ್‌ನ ದರ ಒಂದಕ್ಕೆ ನೂರಿತ್ತು.

ನವೆಂಬರ್ ಮೊದಲ ಮಂಗಳವಾರ, ಮಧ್ಯಾಹ್ನ 3ಕ್ಕೆ ಕಪ್. 3200 ಮೀಟರ್ ಓಟವಾದ್ದರಿಂದ ಕುದುರೆಗಳು ಸ್ಟ್ಯಾಂಡ್ ಮುಂದೆ ಎರಡು ಸಲ ಹಾಯುತ್ತವೆ. ಮೊದಲ ಸಲಕ್ಕೇ ಗಂಟಲು ಹರಿದುಕೊಳ್ಳಬೇಡಿ, ಇನ್ನೂ ಪೂರ್ತಿ ಒಂದು ಸುತ್ತು ಬಾಕಿ ಇರುತ್ತೆ. ಕಾರು ಬೇಡ, ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನಿಂದ ರೇಸ್‌ಕೋರ್ಸಿಗೇ ರೈಲಿದೆ. ತೆಳು ರೇನ್‌ಕೋಟ್ ಇರಲಿ, 2018ರ ಕಪ್ ದಿನ ಬೆಳಿಗ್ಗೆ ಧೋ ಅಂತ ಸುರಿದಿತ್ತು. ಹುಲ್ಲು ನೆನೆದರೆ ಚೂಪು ಹೀಲ್ಸ್ ಪೂರ್ತಿ ಹೂತುಹೋಗುತ್ತೆ.

ಇನ್ನೊಂದು: ‘ಕರೆಕ್ಟ್ ವೇಟ್’ ಅಂತ ಘೋಷಿಸುವವರೆಗೆ ಸೋತ ಟಿಕೆಟನ್ನೂ ಎಸೆಯಬೇಡಿ. ಜಾಕಿಗಳ ತೂಕ ನೋಡಿ, ತಕರಾರು ಬಗೆಹರಿದ ಮೇಲೆಯೇ ಹಣ ಕೊಡುವುದು. ತಕರಾರು ಗೆದ್ದು ಸ್ಥಾನ ಅದಲುಬದಲಾದರೆ, ಸೂಟು ಹಾಕಿಕೊಂಡು ಕಸದ ಡಬ್ಬಿಗೆ ಕೈ ಹಾಕಬೇಕಾಗುತ್ತೆ.