ಬಾಸ್ಟನ್‌ಗೆ ಬಂದಿರುವ ತಂಗಿಗೆ, ಕೊಡಗಿನ ಮಾದಾಪುರದಿಂದ

ಪ್ರೀತಿಯ ತಂಗಿ,

ಸೋಮವಾರಪೇಟೆ ಬಿಟ್ಟು ಬಾಸ್ಟನ್‌ಗೆ ಬಂದು ಮೂರು ತಿಂಗಳಾಯಿತು, ಸಂಶೋಧನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ, ನಿಮ್ಮ ಹಾಗೆ ಲ್ಯಾಬ್ ಬಿಟ್ಟು ನಾಯಕತ್ವ ಕಲಿಸುವ, ಸಂಸ್ಥೆಗಳಿಗೆ ಸಲಹೆ ಕೊಡುವ ಕೆಲಸಕ್ಕೆ ಬರಬಹುದೇ ಅಕ್ಕ ಎಂದು ಕೇಳಿದ್ದೀಯ. ಸುಗ್ಗಿ ಹಬ್ಬ ಹುತ್ತರಿಗೆಂದು ಊರಿಗೆ ಬಂದಿದ್ದೇನೆ. ಅಂಗಳದಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಕಾಫಿ ಹಣ್ಣಿನ ಮೂಟೆ ತೂಗಿಸುತ್ತಿದ್ದಾರೆ. ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ.

ಬರಬಹುದು. ಆದರೆ ಮೊದಲು ವೀಸಾದ ಮಾತು. ನಿನ್ನದು ವಿಶ್ವವಿದ್ಯಾಲಯದ ಎಚ್-1ಬಿ, ಅದನ್ನು ಕೊಡಿಸಿದ ಸಂಸ್ಥೆಗಷ್ಟೇ ದುಡಿಯಬಹುದಾದ ಉದ್ಯೋಗ ವೀಸಾ. ಶನಿವಾರ ಹೊರಗೆಲ್ಲೋ ಒಂದೇ ಒಂದು ತರಗತಿ ನಡೆಸಿ ಹಣ ಪಡೆದರೂ ಅದು ನಿಯಮಭಂಗ. ವರ್ಷಕ್ಕೆ 85,000 ವೀಸಾಗಳ ಮಿತಿ ವಿಶ್ವವಿದ್ಯಾಲಯಗಳಿಗಿಲ್ಲ, ಖಾಸಗಿ ಕಂಪನಿಗಳಿಗಿದೆ. ಅಲ್ಲಿಗೆ ಹೋಗಬೇಕಾದರೆ ಲಾಟರಿಯಲ್ಲಿ ನಿನ್ನ ಹೆಸರು ಬರಬೇಕು. ರಾಜೀನಾಮೆ ಕೊಟ್ಟರೆ ಸಿಗುವ ಗಡುವು ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡ್ ಕೈಸೇರುವವರೆಗೆ ನಾನು ಲ್ಯಾಬ್ ಬಿಡಲಿಲ್ಲ. ಕಾದು ಕಾದು ಹಣ್ಣಾದೆ, ಆದರೂ ನಿನಗೆ ಅದನ್ನೇ ಹೇಳುತ್ತೇನೆ.

ಬರಬಹುದು ಎಂದದ್ದೇಕೆ ಎನ್ನುವುದಕ್ಕೆ ನಮ್ಮ ತೋಟದ್ದೇ ಒಂದು ಸಂಗತಿ. ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳು, ನಮ್ಮವರ ಬಾಯಲ್ಲಿ ಬೋರರ್, ನಿನಗೂ ಗೊತ್ತು. ಹುಳು ಹೊಕ್ಕ ಕಾಂಡದ ಮೇಲೆ ಉಬ್ಬುಗೆರೆ ಮೂಡುತ್ತದೆ, ಎಲೆ ಹಳದಿಯಾಗಿ ಬಾಡುತ್ತದೆ. ಅಂಥ ಗಿಡವನ್ನು ಹುಡುಕಿ, ಕಿತ್ತು ಸುಡಬೇಕು. ಹಳೆಯ ಮೇಸ್ತ್ರಿಯ ಕಾಲದಲ್ಲಿ ಹೆಂಗಸರು ಕಾಂಡವನ್ನು ಬೆರಳಿನಿಂದ ಸವರಿ ನೋಡಿ, "ಇಲ್ಲೊಂದಿದೆ" ಎಂದು ಕೂಗಿ ಹೇಳುತ್ತಿದ್ದರು. ಆಮೇಲೆ ಬಂದ ಮೇಸ್ತ್ರಿ ಸಿಕ್ಕ ಪ್ರತಿ ಗಿಡಕ್ಕೂ "ಇಷ್ಟು ದಿನ ಕಣ್ಣು ಎಲ್ಲಿತ್ತು?" ಎಂದು ಗದರುತ್ತಿದ್ದರು. ಆ ವರ್ಷ ತೋಟದ ಪುಸ್ತಕದಲ್ಲಿ ಬೋರರ್ ಗಿಡಗಳ ಲೆಕ್ಕ ಅರ್ಧಕ್ಕಿಳಿಯಿತು. ಅಪ್ಪನಿಗೆ ಸಮಾಧಾನವಾಯಿತು. ಮರುವರ್ಷ ಮಳೆಗಾಲ ಮುಗಿಯುವಷ್ಟರಲ್ಲಿ ಹೊಳೆ ಕಡೆಯ ಇಳಿಜಾರಿನ ಗಿಡಗಳೆಲ್ಲ ಹೋದವು.

ಎಂಜಿನಿಯರಿಂಗ್‌ನಿಂದ ಈ ಕ್ಷೇತ್ರಕ್ಕೆ ಬಂದ ಹಾರ್ವರ್ಡ್ ಪ್ರಾಧ್ಯಾಪಕಿ ಏಮಿ ಎಡ್ಮಂಡ್ಸನ್ ಇದನ್ನೇ ಆಸ್ಪತ್ರೆಗಳಲ್ಲಿ ಕಂಡರು. ಒಳ್ಳೆಯ ನರ್ಸ್ ತಂಡಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂದುಕೊಂಡು ಹೊರಟರೆ, ಅಂಕಿ ತಿರುಗುಮುರುಗಾಗಿ ಬಂತು. ಆ ತಂಡಗಳು ತಪ್ಪನ್ನು ಅಂಜದೆ ಹೇಳುತ್ತಿದ್ದವು, ಅದಕ್ಕೇ ಲೆಕ್ಕ ಹೆಚ್ಚಿತ್ತು. 1996ರ ಆ ಪ್ರಬಂಧ ಓದಿದ ರಾತ್ರಿ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಇಳಿಜಾರು. ಕೆಟ್ಟ ಸುದ್ದಿ ತಂದ ವಿದ್ಯಾರ್ಥಿಗೆ ಮೊದಲ ಮಾತು ಏನನ್ನು ಆಡಬೇಕು ಎಂಬುದನ್ನೇ ಈಗ ನಾನು ಲ್ಯಾಬ್ ಮುಖ್ಯಸ್ಥರಿಗೆ ಕಲಿಸುತ್ತೇನೆ. ಇದಕ್ಕೆ ಭಾಷಣದ ಕಲೆ ಬೇಕಿಲ್ಲ. ಚೆಂದದ ಅಂಕಿ ಕಂಡಾಗ ಅನುಮಾನಪಡುವ ನಿನ್ನ ಅಭ್ಯಾಸವೇ ಬಂಡವಾಳ.

ಕಷ್ಟ ಇರುವುದು ಬೇರೆ ಕಡೆ. ಊರಿನಲ್ಲಿ "ಯಾವ ಮನೆಯವರು?" ಎಂದು ಕೇಳುತ್ತಾರೆ, ಅಲ್ಲಿ "ಯಾವ ಲ್ಯಾಬ್?" ಎಂದು. ಲ್ಯಾಬ್ ಬಿಟ್ಟ ದಿನ ಆ ಎರಡನೆಯ ಮನೆಯೂ ಹೋಗುತ್ತದೆ. ಮೊದಲ ವರ್ಷ ನನಗೆ ಸಿಕ್ಕಿದ್ದು ನಾಲ್ಕೇ ಕೆಲಸ. ನಾಲ್ಕೂ ಹಳೆಯ ಸಹೋದ್ಯೋಗಿಗಳ ಮೂಲಕ. ಹಾಗಾಗಿ ಯಾರೊಂದಿಗೂ ಮುನಿಸಿಕೊಂಡು ಹೊರಬರಬೇಡ.

ಕೋಚಿಂಗ್, ಅಂದರೆ ಒಬ್ಬೊಬ್ಬರೊಂದಿಗೇ ಕುಳಿತು ಅವರ ಕೆಲಸದ ದಾರಿ ಕಾಣಲು ನೆರವಾಗುವುದು, ಅದರ ಪ್ರಮಾಣಪತ್ರಕ್ಕೆ ಈಗಲೇ ಹಣ ಕಟ್ಟಬೇಡ. ಅಂತರರಾಷ್ಟ್ರೀಯ ಕೋಚಿಂಗ್ ಫೆಡರೇಶನ್‌ನ ಮೊದಲ ಹಂತಕ್ಕೇ 60 ಗಂಟೆ ತರಬೇತಿ, 100 ಗಂಟೆ ಅನುಭವ ಬೇಕು; ಆ ಅನುಭವದಲ್ಲಿ ಬಹುಪಾಲು ಸಂಭಾವನೆ ಪಡೆದದ್ದಾಗಿರಬೇಕು. ನಿನ್ನ ವೀಸಾದಲ್ಲಿ ಅದು ತೊಡಕು.

ಸದ್ಯಕ್ಕೆ ಒಂದು ಕೆಲಸ ಮಾಡು. ನಿಮ್ಮ ಲ್ಯಾಬ್‌ನ ವಾರದ ಸಭೆಯಲ್ಲಿ ಯಾರು ಎಷ್ಟು ಮಾತನಾಡಿದರು, ಕೆಟ್ಟುಹೋದ ಪ್ರಯೋಗದ ಸುದ್ದಿ ಯಾರ ಬಾಯಿಂದ ಬಂತು, ಅದಕ್ಕೆ ಸಿಕ್ಕ ಮೊದಲ ಉತ್ತರ ಏನು ಎಂದು ನಾಲ್ಕು ವಾರ ಬರೆದಿಡು. ಜನವರಿಯಲ್ಲಿ ನಾನು ಮರಳುತ್ತೇನೆ. ಆ ಪುಸ್ತಕ ಹಿಡಿದು ಮನೆಗೆ ಬಾ. ಅಮ್ಮ ಅಡುಗೆಯ ಹುಳಿ ಕಾಚಂಪುಳಿ ಕಟ್ಟಿಕೊಡುತ್ತಿದ್ದಾಳೆ, ನಿನ್ನ ಪಾಲಿನದೂ ಇದೆ.