2026ರಲ್ಲಿ ನೀವು ತುಂಬಾ ಕಾಯುತ್ತಿರುವ ಸಿನಿಮಾಗಳು ಯಾವುವು?

ಮೊದಲ ಹೆಸರು ಕ್ರಿಸ್ಟೋಫರ್ ನೋಲನ್ ಅವರ ‘ದಿ ಒಡಿಸ್ಸಿ’. ಜುಲೈ 17ಕ್ಕೆ ಬಿಡುಗಡೆ ಅಂತ ಘೋಷಿಸಿದ್ದಾರೆ. ಗ್ರೀಕ್ ಕವಿ ಹೋಮರನ ಹಳೇ ಕಥೆ ಇದು. ಟ್ರಾಯ್ ಯುದ್ಧ ಮುಗಿಸಿದ ಒಡಿಸ್ಯೂಸ್ ಮನೆ ಸೇರಲು 10 ವರ್ಷ ಅಲೆಯುತ್ತಾನೆ. ಆ ಪಾತ್ರ ಮ್ಯಾಟ್ ಡೇಮನ್ ಅವರದು.

ನನಗೆ ಕಥೆಗಿಂತ ಕ್ಯಾಮೆರಾ ಬಗ್ಗೆ ಕುತೂಹಲ ಜಾಸ್ತಿ. ಇಡೀ ಸಿನಿಮಾವನ್ನು ಐಮ್ಯಾಕ್ಸ್ ಫಿಲ್ಮ್ ಕ್ಯಾಮೆರಾದಲ್ಲೇ, ಅಂದ್ರೆ ಭಾರೀ ಪರದೆಗೆಂದೇ ಮಾಡಿದ ಕ್ಯಾಮೆರಾದಲ್ಲೇ ತೆಗೆದಿದ್ದಾರೆ. ಇದು ಸಣ್ಣ ಮಾತಲ್ಲ. ಆ ಕ್ಯಾಮೆರಾದಲ್ಲಿ ರೀಲು ಮೇಲಿಂದ ಕೆಳಗಲ್ಲ, ಅಡ್ಡಡ್ಡ ಓಡುತ್ತದೆ. ಒಂದೊಂದು ಫ್ರೇಮಿಗೂ ಅಂಚಿನ 15 ತೂತಿನಷ್ಟು ಉದ್ದ ಬೇಕು. 1000 ಅಡಿ ರೀಲು ಹಾಕಿದರೂ ಸುಮಾರು 3 ನಿಮಿಷಕ್ಕೆ ಖಾಲಿ! ಸದ್ದೂ ಜೋರು. ಹಾಗಾಗಿ ಮೆಲ್ಲಗೆ ಮಾತಾಡುವ ದೃಶ್ಯಗಳಿಗೆ ಹಿಂದೆಲ್ಲ ಹೆಚ್ಚಾಗಿ ಬೇರೆ ಕ್ಯಾಮೆರಾ ಹಿಡಿಯುತ್ತಿದ್ದರು. ಈಗ ಪಿಸುಮಾತೂ ಅಷ್ಟು ದೊಡ್ಡ ನೆಗೆಟಿವ್ ಮೇಲೆ ಬರುತ್ತದೆ ಅಂದ್ರೆ, ಕಣ್ಣಂಚಿನ ನೀರು, ಗಡ್ಡದ ಉಪ್ಪು ಎಲ್ಲ ಕಾಣಬೇಕು ಅಲ್ವಾ? ಸಾಧ್ಯವಾದರೆ ಇದನ್ನು ಊರಿನ ಅತಿ ದೊಡ್ಡ ಪರದೆಯಲ್ಲೇ ನೋಡಿ.

ಎರಡನೆಯದು ನಿತೇಶ್ ತಿವಾರಿ ಅವರ ‘ರಾಮಾಯಣ’ ಮೊದಲ ಭಾಗ, ದೀಪಾವಳಿಗೆ ಅಂತ ಹೇಳಿದ್ದಾರೆ. ನಮ್ಮ ಯಶ್ ರಾವಣ, ಜೊತೆಗೆ ಸಹ ನಿರ್ಮಾಪಕ ಕೂಡ. ರಾವಣನನ್ನು ಪಂಡಿತನಾಗಿಯೂ, ವೀಣೆ ನುಡಿಸುವವನಾಗಿಯೂ ತೋರಿಸಿದರೆ ನನಗೆ ಖುಷಿ. ಸುಮ್ನೆ ಅಬ್ಬರಿಸುವ ರಾವಣ ಬೇಡ. ಎ.ಆರ್. ರೆಹಮಾನ್, ಹ್ಯಾನ್ಸ್ ಝಿಮ್ಮರ್ ಇಬ್ಬರೂ ಸಂಗೀತಕ್ಕೆ ಕೂತಿದ್ದಾರೆ.

ಯಶ್ ಅವರದೇ ‘ಟಾಕ್ಸಿಕ್’ ಕೂಡ ಪಟ್ಟಿಯಲ್ಲಿದೆ. ಗೀತು ಮೋಹನ್‌ದಾಸ್ ನಿರ್ದೇಶನ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಚಿತ್ರೀಕರಿಸಿದ್ದಾರೆ. ನಾನಂತೂ ಕನ್ನಡದಲ್ಲೇ ನೋಡುತ್ತೇನೆ.